ಮಹಾಪಧಮನಿಯ ಉಬ್ಬು ಮತ್ತು ವರ್ಷಕ್ಕೊಂದು ಸ್ಕ್ಯಾನ್

1948ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಜ್ಯೂಯಿಷ್ ಆಸ್ಪತ್ರೆಯಲ್ಲಿ ಡಾ. ರುಡಾಲ್ಫ್ ನಿಸೆನ್ ಅವರು ಆಲ್ಬರ್ಟ್ ಐನ್‌ಸ್ಟೀನರ ಹೊಟ್ಟೆ ತೆರೆದರು. ಐನ್‌ಸ್ಟೀನರಿಗೆ ಆಗ 69 ವರ್ಷ. ಆಗಾಗ ಬಂದು ಹೋಗುವ ಹೊಟ್ಟೆನೋವು, ಜೊತೆಗೆ ವಾಂತಿ ಅವರನ್ನು ಬಹಳ ಕಾಲದಿಂದ ಕಾಡುತ್ತಿತ್ತು. ಒಳಗೆ ನೋಡಿದರೆ ಪಿತ್ತಕೋಶದಲ್ಲಿ ಕಲ್ಲೂ ಇರಲಿಲ್ಲ, ಏನೂ ಇರಲಿಲ್ಲ. ತೊಂದರೆ ಇದ್ದದ್ದು ಬೆನ್ನೆಲುಬಿನ ಮುಂದೆ ಕೆಳಗಿಳಿಯುವ ಮಹಾಪಧಮನಿಯಲ್ಲಿ. ಎರಡು ಸೆಂಟಿಮೀಟರ್ ಅಗಲ ಇರಬೇಕಾದ ಆ ರಕ್ತನಾಳ ಸಣ್ಣ ಚಕ್ಕೋತದಷ್ಟು ಊದಿಕೊಂಡಿತ್ತು.

ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದು ಬೇರೆ ನಾಳ ಕೂರಿಸುವ ವಿದ್ಯೆ ಆಗಿನ್ನೂ ಯಾರ ಕೈಗೂ ಬಂದಿರಲಿಲ್ಲ. ನಿಸೆನ್ ತಮಗೆ ಗೊತ್ತಿದ್ದ ದಾರಿಯನ್ನೇ ಹಿಡಿದರು: ಉಬ್ಬಿನ ಮೇಲೆ ಸೆಲ್ಲೋಫೇನ್ ಹಾಳೆ ಸುತ್ತಿದರು. ಆ ಹಾಳೆ ಸುತ್ತಲಿನ ಮಾಂಸವನ್ನು ಕೆರಳಿಸಿ, ಅಲ್ಲಿ ಗಾಯದ ಕಲೆಯಂಥ ಗಟ್ಟಿ ಪದರ ಬೆಳೆದು, ನಾಳದ ಗೋಡೆಗೆ ಒತ್ತಾಸೆಯಾಗಲಿ ಎಂಬುದು ಲೆಕ್ಕಾಚಾರ. ಐನ್‌ಸ್ಟೀನ್ ಆ ಹಾಳೆಯೊಂದಿಗೆ ಆರು ವರ್ಷಕ್ಕೂ ಹೆಚ್ಚು ಬದುಕಿದರು, ಕೆಲಸ ಮಾಡಿದರು. 1955ರ ಏಪ್ರಿಲ್‌ನಲ್ಲಿ ಉಬ್ಬು ಸೋರತೊಡಗಿತು. ಅಷ್ಟು ಹೊತ್ತಿಗೆ ನಾಳ ಬದಲಿಸುವ ಶಸ್ತ್ರಚಿಕಿತ್ಸೆ ಬಂದಿತ್ತು. ನ್ಯೂಯಾರ್ಕಿನಿಂದ ಬಂದ ಡಾ. ಫ್ರಾಂಕ್ ಗ್ಲೆನ್ ಅದಕ್ಕೆ ಸಿದ್ಧರಿದ್ದರು. ಐನ್‌ಸ್ಟೀನ್ ಒಪ್ಪಲಿಲ್ಲ. ಏಪ್ರಿಲ್ 18ರ ನಸುಕಿನಲ್ಲಿ ಪ್ರಿನ್ಸ್‌ಟನ್ ಆಸ್ಪತ್ರೆಯಲ್ಲಿ ತೀರಿಕೊಂಡರು.

ಇಂದು ಅದೇ ಕಾಯಿಲೆಗೆ ತೊಡೆಸಂದಿಯಲ್ಲಿ ಒಂದು ಸಣ್ಣ ತೂತು ಮಾಡಿ ಚಿಕಿತ್ಸೆ ಕೊಟ್ಟು, ಮೂರನೇ ದಿನ ಮನೆಗೆ ಕಳಿಸುವುದುಂಟು. ಚಿಕಿತ್ಸೆ ಇಷ್ಟು ಸಲೀಸಾಗಿರುವುದರಿಂದಲೇ ಅದರ ನಂತರದ ಆರೈಕೆ ಜನರ ಗಮನದಿಂದ ಜಾರಿಹೋಗುತ್ತಿದೆ. ಈ ಕಾಯಿಲೆಯಲ್ಲಿ ಆಪರೇಷನ್ನಿನ ದಿನಕ್ಕೆ ಎಷ್ಟು ಬೆಲೆಯಿದೆಯೋ, ಆಮೇಲೆ ವರ್ಷ ವರ್ಷವೂ ಮಾಡಿಸಬೇಕಾದ ಸ್ಕ್ಯಾನಿಗೂ ಅಷ್ಟೇ ಬೆಲೆಯಿದೆ.

ಹೃದಯದಿಂದ ಹೊರಡುವ ಅತಿ ದೊಡ್ಡ ರಕ್ತನಾಳ ಮಹಾಪಧಮನಿ. ಡಾಕ್ಟರುಗಳ ಬಾಯಲ್ಲಿ ಅಯೋರ್ಟಾ. ಅದು ಮೊದಲು ಮೇಲಕ್ಕೆ ಏರಿ, ಕಮಾನಿನಂತೆ ಬಾಗಿ, ಎದೆಗೂಡನ್ನೂ ಹೊಟ್ಟೆಯನ್ನೂ ಹಾದು, ಹೊಕ್ಕುಳಿನ ಮಟ್ಟದಲ್ಲಿ ಎರಡು ಕವಲಾಗಿ ಕಾಲುಗಳ ಕಡೆ ಹೋಗುತ್ತದೆ. ಗೋಡೆಗೆ ಮೂರು ಪದರಗಳು. ನಡುವಿನ ಪದರದಲ್ಲಿರುವ ಹಿಗ್ಗಿ ಕುಗ್ಗುವ ನಾರುಗಳು ಸವೆದರೆ ಗೋಡೆ ಸಡಿಲಾಗಿ, ಪ್ರತಿ ಬಡಿತದ ಒತ್ತಡಕ್ಕೂ ಚೂರುಚೂರೇ ಹೊರಕ್ಕೆ ಸರಿಯುತ್ತದೆ. ಹೊಟ್ಟೆಯ ಭಾಗದ ಮಹಾಪಧಮನಿ 3 ಸೆಂಟಿಮೀಟರಿಗಿಂತ ಅಗಲವಾದರೆ ಅದನ್ನು ಅನ್ಯೂರಿಸಂ ಎನ್ನುತ್ತಾರೆ. ನಾಳ ಅಗಲವಾದಷ್ಟೂ ಅದೇ ಬಿಪಿ ಗೋಡೆಯನ್ನು ಇನ್ನೂ ಜೋರಾಗಿ ಎಳೆಯುತ್ತದೆ. ಹಾಗಾಗಿ ದೊಡ್ಡ ಉಬ್ಬು ಸಣ್ಣದಕ್ಕಿಂತ ಬೇಗ ಬೆಳೆಯುತ್ತದೆ.

ಹೊಟ್ಟೆಯ ಅನ್ಯೂರಿಸಂಗೆ ಎಲ್ಲಕ್ಕಿಂತ ದೊಡ್ಡ ಕಾರಣ ಧೂಮಪಾನ. ಬೀಡಿಯಾದರೂ ಅಷ್ಟೇ, ಸಿಗರೇಟಾದರೂ ಅಷ್ಟೇ. ಅದರ ಜೊತೆಗೆ ವಯಸ್ಸು, ಬಿಪಿ, ಮನೆತನದಲ್ಲಿ ಯಾರಿಗಾದರೂ ಇದ್ದದ್ದು. ಗಂಡಸರಲ್ಲಿ ಹೆಚ್ಚು, ಹೆಂಗಸರಲ್ಲಿ ಕಡಿಮೆಯಾದರೂ ಅವರಲ್ಲಿ ಉಬ್ಬು ಇನ್ನೂ ಸಣ್ಣದಿರುವಾಗಲೇ ಒಡೆಯುವ ಅಪಾಯವಿದೆ. ಎದೆಯ ಭಾಗದ ಉಬ್ಬಿನ ಕತೆ ಸ್ವಲ್ಪ ಬೇರೆ. ಅಲ್ಲಿ ಮಾರ್ಫಾನ್ ಸಿಂಡ್ರೋಮಿನಂಥ ಹುಟ್ಟಿನಿಂದ ಬರುವ ದೋಷಗಳು, ಮೂರರ ಬದಲು ಎರಡೇ ಎಲೆಗಳಿರುವ ಹೃದಯದ ಕವಾಟ ಇಂಥವು ಮುಖ್ಯ. ನಮ್ಮ ದೇಶದಲ್ಲಿ ಟಕಯಾಸು ಎಂಬ ನಾಳದ ಉರಿಯೂತ, ಕೆಲವೊಮ್ಮೆ ಕ್ಷಯರೋಗ ಕೂಡ ಚಿಕ್ಕ ವಯಸ್ಸಿನವರಲ್ಲೇ ಮಹಾಪಧಮನಿಯನ್ನು ಕೆಡಿಸುವುದುಂಟು.

ಉಬ್ಬು ಒಡೆಯುವವರೆಗೂ ಬಹುತೇಕರಿಗೆ ಏನೂ ಗೊತ್ತಾಗುವುದಿಲ್ಲ. ತೆಳ್ಳಗಿರುವ ಕೆಲವರಿಗೆ ಅಂಗಾತ ಮಲಗಿದಾಗ ಹೊಕ್ಕುಳಿನ ಮೇಲೆ ಏನೋ ಮಿಡಿಯುತ್ತಿರುವುದು ಕೈಗೆ ಸಿಗುತ್ತದೆ. ಒಡೆದರೆ ಹೊಟ್ಟೆಯಲ್ಲೋ ಬೆನ್ನಿನಲ್ಲೋ ಹಠಾತ್ತನೆ ಸೀಳುವಂಥ ನೋವು, ತಣ್ಣನೆ ಬೆವರು, ಕಣ್ಣು ಕತ್ತಲೆ. ಇದನ್ನು ಗ್ಯಾಸ್ ಎಂದುಕೊಂಡು ಸೋಡಾ ಕುಡಿಸುತ್ತಾ, ಕಿಡ್ನಿ ಕಲ್ಲೆಂದುಕೊಂಡು ನೋವಿನ ಇಂಜೆಕ್ಷನ್ ಹಾಕಿಸುತ್ತಾ ಕಳೆಯುವ ಒಂದೊಂದು ಗಂಟೆಯೂ ದುಬಾರಿ. ಒಡೆದವರಲ್ಲಿ ಬಹಳ ಮಂದಿ ಆಸ್ಪತ್ರೆ ಮುಟ್ಟುವುದೇ ಇಲ್ಲ. ಅರವತ್ತು ದಾಟಿದ, ಬೀಡಿ ಸಿಗರೇಟು ಸೇದಿದ ಗಂಡಸಿಗೆ ಇಂಥ ನೋವು ಬಂದರೆ ಮೊದಲು ನೆನಪಾಗಬೇಕಾದ ಕಾಯಿಲೆಗಳಲ್ಲಿ ಇದೂ ಒಂದು.

ಒಡೆಯುವ ಮುಂಚೆ ಇದನ್ನು ಕಂಡುಹಿಡಿಯಲು ದೊಡ್ಡ ಯಂತ್ರವೇನೂ ಬೇಡ. ಬಸುರಿಯರಿಗೆ ಮಾಡುವ ಅದೇ ಅಲ್ಟ್ರಾಸೌಂಡ್ ಸಾಕು. ಖಾಲಿ ಹೊಟ್ಟೆಯಲ್ಲಿ ಮಲಗಿಸಿ, ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ ಸವರಿ, ಎದೆಗುಂಡಿಗೆಯ ಕೆಳಗಿನಿಂದ ಹೊಕ್ಕುಳಿನವರೆಗೆ ಪ್ರೋಬನ್ನು ಒತ್ತುತ್ತಾ ಇಳಿಸುತ್ತಾರೆ. ಪರದೆಯ ಬೂದು ಬಣ್ಣದ ನಡುವೆ ಮಿಡಿಯುವ ಕಪ್ಪು ವೃತ್ತವೊಂದು ಕಾಣುತ್ತದೆ; ಅದೇ ಮಹಾಪಧಮನಿ. ಚಿತ್ರವನ್ನು ನಿಲ್ಲಿಸಿ ವೃತ್ತದ ಒಂದು ಅಂಚಿಗೊಂದು, ಎದುರಿನ ಅಂಚಿಗೊಂದು ಕೂಡು ಚಿಹ್ನೆ ಇಟ್ಟರೆ ಪರದೆಯ ಮೂಲೆಯಲ್ಲಿ ಅಳತೆ ಮೂಡುತ್ತದೆ. ಹೆಚ್ಚೆಂದರೆ ಹತ್ತು ನಿಮಿಷದ ಕೆಲಸ, ನೋವಿಲ್ಲ.

ಇಷ್ಟು ಸರಳ ಪರೀಕ್ಷೆಯಿಂದ ಜೀವ ಉಳಿಯುತ್ತದೆಯೇ ಎಂದು ಬ್ರಿಟನ್ನಿನಲ್ಲಿ 65ರಿಂದ 74 ವಯಸ್ಸಿನ ಸುಮಾರು 67,800 ಗಂಡಸರನ್ನು ಎರಡು ಗುಂಪು ಮಾಡಿ ನೋಡಿದರು. 2002ರಲ್ಲಿ ಫಲಿತಾಂಶ ಬಂತು: ಸ್ಕ್ಯಾನಿಗೆ ಕರೆದ ಗುಂಪಿನಲ್ಲಿ ಅನ್ಯೂರಿಸಂನಿಂದಾದ ಸಾವುಗಳು ನಾಲ್ಕು ವರ್ಷಗಳಲ್ಲಿ ಶೇ. 42ರಷ್ಟು ಕಡಿಮೆ ಇದ್ದವು. ಅದರ ಆಧಾರದ ಮೇಲೆ ಇಂಗ್ಲೆಂಡಿನಲ್ಲಿ 65ಕ್ಕೆ ಕಾಲಿಡುವ ಗಂಡಸರನ್ನೆಲ್ಲ ಸರ್ಕಾರವೇ ಈ ಸ್ಕ್ಯಾನಿಗೆ ಕರೆಯುತ್ತದೆ. ಅಮೆರಿಕದ ತಜ್ಞರ ಸಮಿತಿ 65ರಿಂದ 75ರೊಳಗಿನ, ಎಂದಾದರೂ ಧೂಮಪಾನ ಮಾಡಿದ ಗಂಡಸರಿಗೆ ಒಮ್ಮೆಯಾದರೂ ಇದನ್ನು ಮಾಡಿಸಲು ಹೇಳುತ್ತದೆ. ಭಾರತದಲ್ಲಿ ಅಂಥ ರಾಷ್ಟ್ರೀಯ ಕಾರ್ಯಕ್ರಮವಿಲ್ಲ. ಆದರೆ ಸ್ಕ್ಯಾನ್ ಸೆಂಟರುಗಳು ತಾಲ್ಲೂಕು ಊರುಗಳಲ್ಲೂ ಇವೆ. ಬೇರೆ ಯಾವುದೋ ತೊಂದರೆಗೆಂದು ಹೊಟ್ಟೆ ಸ್ಕ್ಯಾನ್ ಮಾಡಿಸುವಾಗ ಮಹಾಪಧಮನಿಯ ಅಗಲವನ್ನೂ ಬರೆಯಿರಿ ಎಂದು ಕೇಳಿಕೊಳ್ಳಲು ಹೆಚ್ಚಿನ ದುಡ್ಡೇನೂ ಬೇಕಿಲ್ಲ.

ಉಬ್ಬು ಕಂಡ ಕೂಡಲೇ ಆಪರೇಷನ್ ಮಾಡುವುದಿಲ್ಲ. ಗಂಡಸರಲ್ಲಿ 5.5 ಸೆಂಟಿಮೀಟರ್, ಹೆಂಗಸರಲ್ಲಿ 5ರ ಆಸುಪಾಸು ಮುಟ್ಟುವವರೆಗೆ ಕಾಯುತ್ತಾರೆ. 5.5ರವರೆಗೆ ಕಾಯುವುದೇ ಕ್ಷೇಮ ಎಂಬುದು ಬ್ರಿಟನ್ ಮತ್ತು ಅಮೆರಿಕದ ದೊಡ್ಡ ಅಧ್ಯಯನಗಳಲ್ಲಿ ಸಾಬೀತಾಗಿದೆ. ಅದಕ್ಕಿಂತ ಚಿಕ್ಕದಿರುವಾಗ ಕೈಹಾಕಿದವರು ಕಾದವರಿಗಿಂತ ಹೆಚ್ಚು ಕಾಲವೇನೂ ಬದುಕಲಿಲ್ಲ. ಕಾಯುವುದೆಂದರೆ ಮರೆತು ಕೂರುವುದಲ್ಲ. ಅಮೆರಿಕದ ರಕ್ತನಾಳ ತಜ್ಞರ ಪದ್ಧತಿಯಲ್ಲಿ 3ರಿಂದ 3.9 ಸೆಂಟಿಮೀಟರ್ ಇದ್ದರೆ ಮೂರು ವರ್ಷಕ್ಕೊಮ್ಮೆ, 4ರಿಂದ 4.9 ಇದ್ದರೆ ವರ್ಷಕ್ಕೊಮ್ಮೆ, 5 ದಾಟಿದರೆ ಆರು ತಿಂಗಳಿಗೊಮ್ಮೆ ಸ್ಕ್ಯಾನ್. ಅಳತೆ ದಿಢೀರನೆ ಜಾಸ್ತಿಯಾದರೆ, ಅಥವಾ ನೋವು ಶುರುವಾದರೆ ಈ ಲೆಕ್ಕವೆಲ್ಲ ಬದಿಗೆ, ತಕ್ಷಣ ಚಿಕಿತ್ಸೆ.

ಉಬ್ಬಿನ ಬೆಳವಣಿಗೆ ತಡೆಯುವ ಮಾತ್ರೆ ಇನ್ನೂ ಬಂದಿಲ್ಲ. ಡಾಕ್ಸಿಸೈಕ್ಲಿನ್ ಎಂಬ ಹಳೆಯ ಆ್ಯಂಟಿಬಯೋಟಿಕ್ ಮೇಲೆ ಆಸೆಯಿತ್ತು. ಪರೀಕ್ಷೆಯಲ್ಲಿ ಅದು ಕೆಲಸ ಮಾಡಲಿಲ್ಲ. ಸಕ್ಕರೆ ಕಾಯಿಲೆ ಇರುವವರಲ್ಲಿ ಹೊಟ್ಟೆಯ ಅನ್ಯೂರಿಸಂ ಕಡಿಮೆ ಎಂಬುದು ಮಾತ್ರ ವಿಜ್ಞಾನಿಗಳನ್ನು ಬಹಳ ಕಾಡಿರುವ ಸಂಗತಿ. ಅದು ಮೆಟ್‌ಫಾರ್ಮಿನ್ ಮಾತ್ರೆಯ ಪುಣ್ಯವೇ ಎಂದು ಹುಡುಕುತ್ತಿದ್ದಾರೆ. ಸದ್ಯಕ್ಕೆ ರೋಗಿಯ ಕೈಯಲ್ಲಿರುವ ಗಟ್ಟಿ ಮದ್ದು ಬೀಡಿ ಸಿಗರೇಟು ಪೂರ್ತಿ ಬಿಡುವುದು. ಅದರ ಜೊತೆಗೆ ಬಿಪಿ ಹತೋಟಿ, ಹೃದಯಾಘಾತ ತಡೆಯಲು ಕೊಲೆಸ್ಟರಾಲ್ ಮಾತ್ರೆ, ದಿನವೂ ನಡಿಗೆ. ಉಬ್ಬಿದೆಯೆಂದು ಹೆದರಿ ಮೂಲೆ ಹಿಡಿದು ಕೂರಬೇಕಿಲ್ಲ. ಉಸಿರು ಬಿಗಿಹಿಡಿದು ಮೂಟೆ ಎತ್ತುವಂಥ ಕೆಲಸ ಮಾತ್ರ ಬೇಡ.

ಇನ್ನೊಂದು ಎಚ್ಚರಿಕೆ ನಮ್ಮವರಿಗೆ ಬಹಳ ಅಗತ್ಯ. ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್ ಜಾತಿಯ ಆ್ಯಂಟಿಬಯೋಟಿಕ್‌ಗಳು ಮಹಾಪಧಮನಿ ಒಡೆಯುವ ಅಪಾಯವನ್ನು ಹೆಚ್ಚಿಸಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರ ಡಿಸೆಂಬರ್‌ನಲ್ಲಿ ಎಚ್ಚರಿಸಿತು. ಬೇರೆ ದಾರಿಯೇ ಇಲ್ಲದ ಹೊರತು ಅನ್ಯೂರಿಸಂ ಇರುವವರಿಗೆ ಇವನ್ನು ಕೊಡಬೇಡಿ ಎಂದಿತು. ಭೇದಿಗೆ, ಉರಿಮೂತ್ರಕ್ಕೆ, ಜ್ವರಕ್ಕೆ ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೇಳಿ ತರುವ ಮಾತ್ರೆಗಳು ಇವೇ. ಅನ್ಯೂರಿಸಂ ಇರುವವರು ಯಾವುದೇ ಡಾಕ್ಟರ ಮುಂದೆ ಕೂತರೂ ಮೊದಲು ಆ ವಿಷಯ ಹೇಳಬೇಕು.

ಶಸ್ತ್ರಚಿಕಿತ್ಸೆಯ ಚರಿತ್ರೆಯಲ್ಲಿ ಬಟ್ಟೆಗೆ ದೊಡ್ಡ ಪಾತ್ರವಿದೆ. 1951ರ ಮಾರ್ಚ್‌ನಲ್ಲಿ ಪ್ಯಾರಿಸ್ಸಿನ ಶಾರ್ಲ್ ದ್ಯುಬೋಸ್ಟ್ ಹೊಟ್ಟೆಯ ಅನ್ಯೂರಿಸಂ ಕತ್ತರಿಸಿ ತೆಗೆದು, ತೀರಿಕೊಂಡವರೊಬ್ಬರ ಮಹಾಪಧಮನಿಯ ತುಂಡನ್ನು ಅಲ್ಲಿ ಹೊಲಿದರು. ಆದರೆ ಶವದ ನಾಳ ಬೇಕೆಂದಾಗ ಸಿಗುವುದಿಲ್ಲ, ಸಿಕ್ಕರೂ ವರ್ಷಗಳಲ್ಲಿ ಕೆಡುತ್ತದೆ. ಅಮೆರಿಕದ ಆರ್ಥರ್ ವೂರ್ಹೀಸ್, ನಾಯಿಯ ಹೃದಯದೊಳಗೆ ಉಳಿದಿದ್ದ ರೇಷ್ಮೆ ದಾರದ ಮೇಲೆ ನುಣುಪಾದ ಪೊರೆ ಬೆಳೆದಿರುವುದನ್ನು ನೋಡಿ, ಬಟ್ಟೆಯ ಕೊಳವೆಯ ಒಳಗೂ ಹಾಗೆಯೇ ಬೆಳೆದೀತೆಂದು ಊಹಿಸಿ, ವಿನ್ಯಾನ್ ಎಂಬ ಬಟ್ಟೆಯಲ್ಲಿ ನಾಳ ಹೊಲಿದರು. ಹ್ಯೂಸ್ಟನ್‌ನ ಮೈಕೆಲ್ ಡಿಬೇಕಿ ಅವರಿಗೆ ಹೊಲಿಗೆ ಬಾಲ್ಯದಲ್ಲೇ ಅಮ್ಮನಿಂದ ಬಂದ ವಿದ್ಯೆ. 1950ರ ದಶಕದ ಆರಂಭದಲ್ಲಿ ಅವರು ನೈಲಾನ್ ಬಟ್ಟೆ ಕೇಳಿಕೊಂಡು ಊರಿನ ಫೋಲೀಸ್ ಅಂಗಡಿಗೆ ಹೋದರು. ನೈಲಾನ್ ಮುಗಿದಿತ್ತು, ಅಂಗಡಿಯವರು ಡೇಕ್ರಾನ್ ಎಂಬ ಹೊಸ ಬಟ್ಟೆ ತೋರಿಸಿದರು. ಅದನ್ನು ಕೊಂಡು ತಂದು, ಹೆಂಡತಿಯ ಹೊಲಿಗೆ ಯಂತ್ರದಲ್ಲಿ ಕೊಳವೆ ಹೊಲಿದರು. ಡೇಕ್ರಾನ್ ಎಂದರೆ ನಮ್ಮ ಪಾಲಿಯೆಸ್ಟರೇ. ಅದರ ಕೊಳವೆಗಳು ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿವೆ.

ಹೊಟ್ಟೆ ತೆರೆದು ಮಾಡುವ ಈ ಆಪರೇಷನ್ನಿನಲ್ಲಿ ಉಬ್ಬಿನ ಮೇಲೆ ಕೆಳಗೆ ಕ್ಲ್ಯಾಂಪ್ ಹಾಕಿ ರಕ್ತ ನಿಲ್ಲಿಸಿ, ಉಬ್ಬನ್ನು ಸೀಳಿ, ಒಳಗೆ ಹೆಪ್ಪುಗಟ್ಟಿದ ರಕ್ತವನ್ನು ತೆಗೆದು, ಬಟ್ಟೆಯ ಕೊಳವೆಯನ್ನು ಎರಡೂ ತುದಿಗೆ ಹೊಲಿಯುತ್ತಾರೆ. ಆಮೇಲೆ ಹಳೆಯ ಗೋಡೆಯನ್ನೇ ಅದರ ಮೇಲೆ ಮುಚ್ಚುತ್ತಾರೆ. ಒಂದೆರಡು ದಿನ ಐಸಿಯು, ಒಟ್ಟು ವಾರದಿಂದ ಹತ್ತು ದಿನ ಆಸ್ಪತ್ರೆ. ಮನೆಗೆ ಬಂದ ಮೇಲೆ ಊಟ ಸೇರದಿರುವುದು, ಸುಸ್ತು, ಸಣ್ಣದಕ್ಕೂ ಅಳು ಬರುವುದು ಒಂದೆರಡು ತಿಂಗಳು ಇದ್ದೇ ಇರುತ್ತದೆ. ಇದನ್ನು ಮನೆಯವರು ಮೊದಲೇ ತಿಳಿದಿದ್ದರೆ ಗಾಬರಿ ಕಡಿಮೆ. ಮೊದಲ ಆರು ವಾರ ತುಂಬಿದ ಕೊಡ ಎತ್ತುವುದು, ಬೈಕ್ ಓಡಿಸುವುದು ಬೇಡ. ಎತ್ತಿದರೆ ಹೊಲಿಗೆಯ ಜಾಗದಲ್ಲಿ ಹರ್ನಿಯಾ ಬರಬಹುದು. ಕೆಲವು ಗಂಡಸರಿಗೆ ಲೈಂಗಿಕ ಶಕ್ತಿಯಲ್ಲಿ ತೊಂದರೆಯಾಗುವುದೂ ಉಂಟು. ನಾಚಿಕೆಯಿಂದ ಮುಚ್ಚಿಡದೆ ಡಾಕ್ಟರಿಗೆ ಹೇಳಬೇಕಾದ ವಿಷಯ ಅದು. ಈ ಕಷ್ಟದ ಕಾಲ ದಾಟಿದರೆ ಹೊಲಿದ ನಾಳ ಬಹಳ ಗಟ್ಟಿ. ಐದು ವರ್ಷಕ್ಕೊಮ್ಮೆ ಒಂದು ಸಿಟಿ ಸ್ಕ್ಯಾನ್ ಸಾಮಾನ್ಯವಾಗಿ ಸಾಕಾಗುತ್ತದೆ.

ಹೊಟ್ಟೆ ತೆರೆಯದೆ ಒಳಗಿನಿಂದಲೇ ಸರಿಪಡಿಸುವ ದಾರಿಯನ್ನು ಇಬ್ಬರು ದೂರದೂರದಲ್ಲಿ ಕಂಡುಕೊಂಡರು. ಉಕ್ರೇನಿನ ಖಾರ್ಕಿವ್ ನಗರದಲ್ಲಿ ನಿಕೊಲಾಯ್ ವೊಲೊಡೊಸ್ 1987ರಲ್ಲಿ ಎದೆಯ ಮಹಾಪಧಮನಿಯೊಳಗೆ ಸ್ಟೆಂಟ್ ಎಂಬ ಲೋಹದ ಜಾಲರಿ ಜೋಡಿಸಿದ ಬಟ್ಟೆಯ ಕೊಳವೆ ಕೂರಿಸಿದರು. ಸೋವಿಯತ್ ಕಾಲದ ಆ ಕೆಲಸ ಹೊರಗಿನ ಜಗತ್ತಿಗೆ ತಿಳಿಯಲು ವರ್ಷಗಳೇ ಬೇಕಾದವು. 1990ರ ಸೆಪ್ಟೆಂಬರ್‌ನಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಹ್ವಾನ್ ಪರೋಡಿ ಹೊಟ್ಟೆಯ ಅನ್ಯೂರಿಸಂಗೆ ಇದನ್ನು ಮಾಡಿದರು. ಸ್ಟೆಂಟ್ ತಜ್ಞ ಹೂಲಿಯೊ ಪಾಲ್ಮಾಸ್ ಅವರ ಜೊತೆಗಿದ್ದರು.

ಈಗ ಇದಕ್ಕೆ ಎಲ್ಲ ಕಡೆ ಇವಾರ್ ಎಂದೇ ಹೆಸರು. ತೊಡೆಸಂದಿಯ ರಕ್ತನಾಳದಿಂದ ತೆಳು ತಂತಿ ಏರಿಸಿ, ಅದರ ಮೇಲೆ ಮಡಚಿಟ್ಟ ಸ್ಟೆಂಟ್ ಗ್ರಾಫ್ಟನ್ನು ಜಾರಿಸುತ್ತಾರೆ. ಎಕ್ಸ್‌ರೇ ಪರದೆಯಲ್ಲಿ ಕಿಡ್ನಿಯ ನಾಳಗಳು ಎಲ್ಲಿ ಹೊರಡುತ್ತವೆಂದು ಗುರುತಿಸಿ, ಅದರ ಸ್ವಲ್ಪ ಕೆಳಗೆ ಗ್ರಾಫ್ಟನ್ನು ಬಿಡಿಸುತ್ತಾರೆ. ಲೋಹದ ಜಾಲರಿ ತಾನಾಗಿ ಅರಳಿ ಆರೋಗ್ಯವಾಗಿರುವ ಗೋಡೆಗೆ ಕಚ್ಚಿಕೊಳ್ಳುತ್ತದೆ. ತುಕ್ಕು ಹಿಡಿದ ಹಳೆಯ ಪೈಪನ್ನು ಕೀಳದೆ ಅದರೊಳಗೆ ಹೊಸ ಪೈಪು ತೂರಿಸಿದ ಹಾಗೆ, ಉಬ್ಬು ಇದ್ದಲ್ಲೇ ಇರುತ್ತದೆ. ರಕ್ತ ಮಾತ್ರ ಹೊಸ ಕೊಳವೆಯಲ್ಲಿ ಹರಿಯುತ್ತದೆ.

ತಕರಾರು ಶುರುವಾಗುವುದೂ ಅಲ್ಲಿಯೇ. ಗ್ರಾಫ್ಟಿನ ತುದಿ ಸರಿಯಾಗಿ ಕೂರದಿದ್ದರೆ, ವರ್ಷಗಳು ಕಳೆದಂತೆ ಕೆಳಗೆ ಜಾರಿದರೆ, ಇಲ್ಲವೆ ಉಬ್ಬಿನ ಗೋಡೆಯಿಂದ ಹೊರಡುವ ಸಣ್ಣ ನಾಳಗಳಲ್ಲಿ ರಕ್ತ ಹಿಂದಕ್ಕೆ ಹರಿದರೆ, ಉಬ್ಬಿನೊಳಗೆ ಮತ್ತೆ ರಕ್ತ ನುಗ್ಗುತ್ತದೆ. ಇದಕ್ಕೆ ಎಂಡೋಲೀಕ್ ಎನ್ನುತ್ತಾರೆ. ಸಣ್ಣ ನಾಳಗಳ ಸೋರಿಕೆ ಎಷ್ಟೋ ಸಲ ತಾನೇ ನಿಲ್ಲುತ್ತದೆ. ತುದಿಯ ಸೋರಿಕೆಯನ್ನು ಮಾತ್ರ ಬಿಡುವಂತಿಲ್ಲ, ಕೂಡಲೇ ಮುಚ್ಚಬೇಕು. ಯಾವ ಸೋರಿಕೆಗೂ ನೋವಿಲ್ಲ, ಜ್ವರವಿಲ್ಲ. ಸ್ಕ್ಯಾನಿನಲ್ಲಿ ಬಿಟ್ಟರೆ ಬೇರೆಲ್ಲೂ ಅದು ಕಾಣುವುದಿಲ್ಲ.

ಬ್ರಿಟನ್ನಿನ 37 ಆಸ್ಪತ್ರೆಗಳಲ್ಲಿ 1999ರಿಂದ 2004ರವರೆಗೆ 1,252 ರೋಗಿಗಳನ್ನು ಸೇರಿಸಿಕೊಂಡು ನಡೆದ ಅಧ್ಯಯನ ಈ ಮಾತಿಗೆ ದೊಡ್ಡ ಸಾಕ್ಷಿ. ಮೊದಲ 30 ದಿನಗಳ ಸಾವು ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಶೇ. 4.3, ಇವಾರ್‌ನಲ್ಲಿ ಶೇ. 1.8. ಎಲ್ಲರೂ ಇವಾರ್ ಕಡೆ ವಾಲಿದರು. ಆದರೆ ಅದೇ ರೋಗಿಗಳನ್ನು ಹದಿನೈದು ವರ್ಷ ಹಿಂಬಾಲಿಸಿ 2016ರಲ್ಲಿ ಪ್ರಕಟಿಸಿದ ವರದಿಯಲ್ಲಿ ಚಿತ್ರ ತಿರುಗಿತ್ತು. ಎಂಟು ವರ್ಷ ದಾಟಿದ ಮೇಲೆ ಅನ್ಯೂರಿಸಂ ಸಂಬಂಧದ ಸಾವುಗಳು ಇವಾರ್ ಮಾಡಿಸಿಕೊಂಡವರಲ್ಲೇ ಹೆಚ್ಚಿದ್ದವು. ಮುಖ್ಯ ಕಾರಣ, ಹಳೆಯ ಉಬ್ಬು ಆಮೇಲೆ ಒಡೆದದ್ದು. ಇವಾರ್ ಕೆಟ್ಟದ್ದೆಂದು ಇದರ ಅರ್ಥವಲ್ಲ. ಎಪ್ಪತ್ತೈದು ದಾಟಿದ, ಶ್ವಾಸಕೋಶ ಹೃದಯ ಸೋತಿರುವ ರೋಗಿಗೆ ಅದು ನಿಜವಾಗಿ ವರದಾನ. ಅದನ್ನು ಮಾಡಿಸಿಕೊಂಡವರು ಬದುಕಿರುವವರೆಗೆ ತಪಾಸಣೆಗೆ ಬರಬೇಕು, ಅಷ್ಟೇ. ಅರವತ್ತರೊಳಗಿನ ಗಟ್ಟಿಮುಟ್ಟಾದ ವ್ಯಕ್ತಿಗೆ ತೆರೆದ ಶಸ್ತ್ರಚಿಕಿತ್ಸೆಯೇ ಒಳ್ಳೆಯದೆಂದು ಹಲವು ತಜ್ಞರು ಇಂದಿಗೂ ಹೇಳುವುದು ಈ ಕಾರಣಕ್ಕೇ.

ಆ ತಪಾಸಣೆಯ ಕ್ರಮ ಹೀಗೆ: ಒಂದು ತಿಂಗಳಿಗೆ ಸಿಟಿ ಸ್ಕ್ಯಾನ್, ವರ್ಷ ತುಂಬಿದಾಗ ಮತ್ತೊಮ್ಮೆ, ಎಲ್ಲ ಸರಿಯಿದ್ದರೆ ಆಮೇಲೆ ವರ್ಷಕ್ಕೊಮ್ಮೆ ಡಾಪ್ಲರ್ ಅಲ್ಟ್ರಾಸೌಂಡ್. ಪ್ರತಿ ಸಲ ಕೇಳಬೇಕಾದ ಪ್ರಶ್ನೆ ಒಂದೇ, ಉಬ್ಬು ಕುಗ್ಗುತ್ತಿದೆಯೇ ಬೆಳೆಯುತ್ತಿದೆಯೇ. ಸಿಟಿಗೆ ಕೊಡುವ ಬಣ್ಣದ ಔಷಧ ಕಿಡ್ನಿಗೆ ಭಾರವಾದ್ದರಿಂದ ಮುಂಚೆ ಕ್ರಿಯಾಟಿನಿನ್ ನೋಡಿಸಬೇಕು. ಇವಾರ್ ಆದ ಮೊದಲ ಕೆಲವು ದಿನ ಸಣ್ಣ ಜ್ವರ ಸಹಜ. ಯಾವಾಗಲಾದರೂ ಒಂದು ಕಾಲು ಹಠಾತ್ತನೆ ತಣ್ಣಗಾಗಿ, ಬಿಳಿಚಿಕೊಂಡು ನೋಯತೊಡಗಿದರೆ ಗ್ರಾಫ್ಟಿನ ಆ ಕವಲು ಕಟ್ಟಿಕೊಂಡಿರಬಹುದು. ಆ ಗಳಿಗೆಯೇ ಆಸ್ಪತ್ರೆಗೆ ಹೊರಡಬೇಕು.

ಗಾಯ ಸಣ್ಣದು, ನೋವು ಕಡಿಮೆ, ಮೂರನೇ ದಿನಕ್ಕೆ ಮನೆ. ಊರಿಗೆ ಹೋದ ರೋಗಿಗೆ ಎಲ್ಲ ಸರಿಹೋಯಿತು ಅನಿಸುವುದು ಸಹಜ. ಬೀದರಿನಿಂದಲೋ ಕಾರವಾರದಿಂದಲೋ ಬೆಂಗಳೂರಿಗೆ ಒಂದು ಸ್ಕ್ಯಾನಿಗಾಗಿ ಬರುವುದೆಂದರೆ ಒಂದು ರಾತ್ರಿಯ ಬಸ್ಸು, ಜೊತೆಗೊಬ್ಬರು, ಎರಡು ದಿನದ ಕೂಲಿ. ಜಯದೇವ ಹೃದ್ರೋಗ ಸಂಸ್ಥೆ, ಮಹಾವೀರ್ ಜೈನ್ ಆಸ್ಪತ್ರೆಯ ರಕ್ತನಾಳ ವಿಭಾಗದಂಥ ಕಡೆಗಳಲ್ಲಿ ಪರಿಣತರಿದ್ದಾರೆ, ಆದರೆ ಅವೆಲ್ಲ ದೊಡ್ಡ ನಗರದಲ್ಲಿವೆ. ವರ್ಷದ ಡಾಪ್ಲರನ್ನು ಜಿಲ್ಲಾ ಕೇಂದ್ರದಲ್ಲೇ ಮಾಡಿಸಿ, ಅಳತೆಯನ್ನು ಫೋನಿನಲ್ಲಿ ಆಪರೇಷನ್ ಮಾಡಿದ ಡಾಕ್ಟರಿಗೆ ಕಳಿಸಿ, ಬೆಳೆದಿದ್ದರೆ ಮಾತ್ರ ಬೆಂಗಳೂರಿಗೆ ಹೋಗುವ ವ್ಯವಸ್ಥೆ ಮಾಡಿಕೊಳ್ಳಬಹುದು. ಇದನ್ನು ಡಿಸ್ಚಾರ್ಜ್ ಮಾಡುವಾಗಲೇ ಕನ್ನಡದಲ್ಲಿ ಬರೆದುಕೊಡುವುದು ಆಸ್ಪತ್ರೆಗಳ ಕರ್ತವ್ಯ. ರೋಗಿಯ ಕಡೆಯವರು ಗ್ರಾಫ್ಟಿನ ಹೆಸರು ಅಳತೆ ಇರುವ ಕಾರ್ಡು, ಮೊದಲ ಸಿಟಿ ಸ್ಕ್ಯಾನಿನ ಸಿಡಿ ಇವೆರಡನ್ನು ಮನೆಪತ್ರದಷ್ಟು ಜೋಪಾನವಾಗಿ ಇಡಬೇಕು. ಹೋಲಿಸಲು ಹಳೆಯ ಅಳತೆ ಇಲ್ಲದಿದ್ದರೆ ಹೊಸ ಸ್ಕ್ಯಾನಿನಿಂದ ಅರ್ಧ ಪ್ರಯೋಜನವೂ ಇಲ್ಲ.

ಎದೆಯೊಳಗೆ ಮಹಾಪಧಮನಿಯ ಆರಂಭದ ಭಾಗದಲ್ಲಿ ಉಬ್ಬಿದ್ದರೆ ಹೃದಯವನ್ನು ನಿಲ್ಲಿಸಿ, ಹಾರ್ಟ್ ಲಂಗ್ ಯಂತ್ರದ ಮೇಲೆ ಆಪರೇಷನ್ ಮಾಡಬೇಕಾಗುತ್ತದೆ. ಲಂಡನ್ನಿನ ಹ್ಯೂ ಬೆಂಟಾಲ್ 1968ರಲ್ಲಿ ವಿವರಿಸಿದ ಕ್ರಮದಲ್ಲಿ ನಾಳದ ಜೊತೆಗೆ ಕವಾಟವನ್ನೂ ಬದಲಿಸುತ್ತಾರೆ. ಲೋಹದ ಕವಾಟ ಹಾಕಿದರೆ ರಕ್ತ ಹೆಪ್ಪುಗಟ್ಟದಂತೆ ಜೀವನಪೂರ್ತಿ ವಾರ್ಫರಿನ್ ಅಥವಾ ಅಸಿಟ್ರೋಮ್ ಮಾತ್ರೆ, ಅದರ ಹಿಂದೆಯೇ ಐಎನ್‌ಆರ್ ರಕ್ತ ಪರೀಕ್ಷೆ. ಒಂದು ವಾರ ಸೊಪ್ಪಿನ ಸಾರೇ ಸಾರು, ಮುಂದಿನ ವಾರ ಸೊಪ್ಪೇ ಇಲ್ಲ ಎಂದಾದರೆ ಐಎನ್‌ಆರ್ ಏರುಪೇರಾಗುತ್ತದೆ. ಸೊಪ್ಪು ಬಿಡಬೇಕಿಲ್ಲ, ದಿನಕ್ಕೆ ಒಂದೇ ಪ್ರಮಾಣದಲ್ಲಿ ತಿಂದರಾಯಿತು.

ಹೆಂಡತಿಯ ಯಂತ್ರದಲ್ಲಿ ನಾಳ ಹೊಲಿದ ಡಿಬೇಕಿ ಅವರಿಗೇ 2005ರ ಡಿಸೆಂಬರ್ 31ರ ಸಂಜೆ ಎದೆ ಸೀಳಿದಂಥ ನೋವು ಬಂತು. ಮಹಾಪಧಮನಿಯ ಪದರ ಬಿರಿದಿತ್ತು. ಕಾಯಿಲೆ ಏನೆಂದು ಆ ಕ್ಷಣವೇ ಅವರು ಊಹಿಸಿದರು, ಆದರೂ ಆಪರೇಷನ್ ಬೇಡವೆಂದು ಕೆಲವು ವಾರ ತಡೆದರು. 2006ರ ಫೆಬ್ರವರಿಯಲ್ಲಿ, 97ನೇ ವಯಸ್ಸಿನಲ್ಲಿ, ತಾವೇ ರೂಪಿಸಿದ್ದ ವಿಧಾನದಲ್ಲಿ ಅವರಿಗೆ ಡೇಕ್ರಾನ್ ಕೊಳವೆ ಹಾಕಿದರು. ಶಸ್ತ್ರಚಿಕಿತ್ಸೆ ಮುಗಿದದ್ದು ಕೆಲವೇ ಗಂಟೆಗಳಲ್ಲಿ. ಚೇತರಿಕೆಗೆ ಹಿಡಿದದ್ದು ತಿಂಗಳುಗಟ್ಟಲೆ. ವೆಂಟಿಲೇಟರ್, ನಳಿಕೆಯಲ್ಲಿ ಆಹಾರ, ಮತ್ತೆ ಎದ್ದು ನಿಲ್ಲಲು ಫಿಸಿಯೋಥೆರಪಿ. ಮನೆಗೆ ಹೋಗುವ ಹೊತ್ತಿಗೆ ಸೆಪ್ಟೆಂಬರ್ ಆಗಿತ್ತು. ಆಮೇಲೆ ಮತ್ತೆ ಕೆಲಸಕ್ಕೂ ಮರಳಿದರು. 2008ರ ಜುಲೈನಲ್ಲಿ, ನೂರು ತುಂಬಲು ಎರಡು ತಿಂಗಳಿರುವಾಗ ತೀರಿಕೊಂಡರು.

ಮನೆಯಲ್ಲಿ ಒಬ್ಬರಿಗೆ ಈ ಕಾಯಿಲೆ ಪತ್ತೆಯಾದರೆ ಉಳಿದವರ ಪರೀಕ್ಷೆಯೂ ಆರೈಕೆಯ ಭಾಗವೇ. ಹೊಟ್ಟೆಯ ಅನ್ಯೂರಿಸಂ ಆಗಿದ್ದರೆ ಐವತ್ತು ದಾಟಿದ ಅಣ್ಣತಮ್ಮಂದಿರು, ಅಕ್ಕತಂಗಿಯರು ಒಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಬೇಕು. ಮಕ್ಕಳು ಆ ವಯಸ್ಸು ಮುಟ್ಟಿದಾಗ ಮಾಡಿಸಬೇಕು. ಎದೆಯ ಭಾಗದ್ದಾಗಿದ್ದರೆ ಮಕ್ಕಳ ವಯಸ್ಸು ಎಷ್ಟೇ ಇರಲಿ ಎಕೋ ಪರೀಕ್ಷೆ ಬೇಕು, ಅದರಲ್ಲೂ ಅಸಾಧಾರಣ ಎತ್ತರ, ಉದ್ದನೆಯ ಬೆರಳು, ಕಣ್ಣಿನ ಮಸೂರ ಜಾರಿದ ತೊಂದರೆ ಇರುವ ಮಗುವಿಗೆ ತಡ ಮಾಡಬಾರದು. ಇವು ಮಾರ್ಫಾನ್ ಸಿಂಡ್ರೋಮಿನ ಗುರುತುಗಳು. ಬೇಗ ತಿಳಿದರೆ ಮಾತ್ರೆಯಿಂದಲೇ ಮಹಾಪಧಮನಿಯ ಮೇಲಿನ ಒತ್ತಡವನ್ನು ವರ್ಷಗಳ ಕಾಲ ಇಳಿಸಿಡಬಹುದು, ಶಸ್ತ್ರಚಿಕಿತ್ಸೆ ಯಾವಾಗ ಬೇಕೆಂದು ಮೊದಲೇ ಯೋಜಿಸಬಹುದು.